ಹೈದರಾಬಾದಾ? ಬೆಂಗಳೂರಾ?

ಮೊದಲೇ ಹೇಳಿಬಿಡ್ತೀವಿ. ಇದನ್ನು ಬರೆದದ್ದು ಒಬ್ಬಳೇ, ಆದರೆ ಮಾತು ಇಬ್ಬರದು. ನಾವು ಹಾಸ್ಟೆಲ್‌ನಲ್ಲಿ ಒಂದೇ ರೂಮಿನವರು. ಒಬ್ಬಳ ಊರು ಬಸವಕಲ್ಯಾಣ, ಇನ್ನೊಬ್ಬಳದು ಹುಮನಾಬಾದ್. ನಡುವೆ ಮೂವತ್ತು ಕಿಲೋಮೀಟರ್ ಆಸುಪಾಸು. ಊರಲ್ಲಿ ಇದ್ದಾಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬೆಂಗಳೂರಿಗೆ ಬಂದ ಮೊದಲ ವಾರ ಮೆಸ್ಸಿನ ಸಾಲಿನಲ್ಲಿ ನಿಂತಾಗ ಒಬ್ಬಳು, "ಅಯ್ಯ, ಸಾಂಬಾರದಾಗ ಬೆಲ್ಲ ಹಾಕ್ಯಾರಲ್ಲ!" ಅಂದಳು. ಹಿಂದೆ ನಿಂತವಳು ಜೋರಾಗಿ ನಕ್ಕುಬಿಟ್ಟಳು. ಅಷ್ಟು ಕನ್ನಡ ಸಾಕಾಯ್ತು, ಎಲ್ಲಿಯವರು ಅಂತ ಗೊತ್ತಾಗೋಕೆ.

ಇಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಮ್. ಕನ್ನಡ ಬರೆದದ್ದು ಅಂದ್ರೆ ಪರೀಕ್ಷೆಗೆ ಪತ್ರಲೇಖನ, ಗಾದೆ ವಿಸ್ತರಣೆ ಇಷ್ಟೇ. ಕನ್ನಡ ಸಂಘದ ಸೀನಿಯರ್ ಒಬ್ಬರು ಒತ್ತಕ್ಷರ ಎಲ್ಲ ತಿದ್ದಿಕೊಟ್ಟಿದ್ದಾರೆ. ಇನ್ನೂ ಉಳಿದ ತಪ್ಪು ನಮ್ಮದು.

ವಿಷಯಕ್ಕೆ ಬರ್ತೀವಿ. ಈ ಸೆಮಿಸ್ಟರ್ ಮುಗಿದ ಮೇಲೆ ಬೇಸಿಗೆ ಇಂಟರ್ನ್‌ಶಿಪ್. ಅದಕ್ಕೊಂದು ಗೂಗಲ್ ಫಾರ್ಮ್ ಬಂತು. ಹೆಸರು, ಯುಎಸ್‌ಎನ್, ಸಿಜಿಪಿಎ ಎಲ್ಲ ಐದು ನಿಮಿಷದಲ್ಲಿ ತುಂಬಿದೆವು. ಕೊನೆಗೆ 'ಯಾವ ಊರು ಬೇಕು, ಮೊದಲ ಆಯ್ಕೆ, ಎರಡನೇ ಆಯ್ಕೆ' ಅಂತ ಎರಡು ಖಾಲಿ ಜಾಗ. ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಪುಣೆ, ಚೆನ್ನೈ. ಎರಡು ತಿಂಗಳ ಮಾತಲ್ವಾ, ಯಾವುದಾದರೂ ಹಾಕಿ ಅಂತ ಪಕ್ಕದ ರೂಮಿನವರು ಅಂದರು. ಆದರೆ ಸೀನಿಯರ್‌ಗಳನ್ನು ನೋಡಿದ್ದೀವಿ. ಎಲ್ಲಿ ಇಂಟರ್ನ್‌ಶಿಪ್ ಮಾಡ್ತಾರೋ ಅಲ್ಲೇ ಕೆಲಸ, ಅಲ್ಲೇ ಪಿಜಿ, ಆಮೇಲೆ ಅಲ್ಲೇ ಬದುಕು. ಭಾನುವಾರ ರಾತ್ರಿ 11:59ಕ್ಕೆ ಫಾರ್ಮ್ ಮುಚ್ಚುತ್ತೆ. ಶುಕ್ರವಾರ ಸಂಜೆಯಿಂದ ನಮ್ಮ ರೂಮಿನಲ್ಲಿ ಇದೇ ಜಗಳ.

ಪುಣೆ, ಚೆನ್ನೈ ಬೇಗ ಬಿದ್ದುಹೋದವು. ಉಳಿದದ್ದು ಎರಡು.

ನಮ್ಮ ಕಡೆ ಬಂದಿಲ್ಲದವರಿಗೆ ಸ್ವಲ್ಪ ನಕ್ಷೆ ಹೇಳಬೇಕು. ಪುಣೆಯಿಂದ ಹೈದರಾಬಾದಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 65, ನಮ್ಮ ಅಪ್ಪಂದಿರ ಬಾಯಲ್ಲಿ ಇನ್ನೂ 'ನಂಬರ್ ನೌ', ಹುಮನಾಬಾದಿನ ಮೂಲಕವೇ ಹೋಗುತ್ತೆ. ಬಸವಕಲ್ಯಾಣ ಅದೇ ರಸ್ತೆಯಿಂದ ಸ್ವಲ್ಪ ಒಳಗೆ, ಸಸ್ತಾಪುರ ಬಂಗ್ಲಾ ಹತ್ತಿರ ತಿರುಗಬೇಕು. ಹುಮನಾಬಾದಿನಿಂದ ಹೈದರಾಬಾದ್ ಸುಮಾರು 150 ಕಿಲೋಮೀಟರ್. ಜಹೀರಾಬಾದ್, ಸದಾಶಿವಪೇಟ, ಸಂಗಾರೆಡ್ಡಿ, ಪಟಾನಚೆರು ದಾಟಿದರೆ ಬಂದೇಬಿಡ್ತು, ಮೂರು ಮೂರೂವರೆ ತಾಸು. ಬೆಂಗಳೂರು ಆರು ನೂರು ಕಿಲೋಮೀಟರ್‌ಗೂ ಹೆಚ್ಚು. ರಾತ್ರಿ ಬಸ್ ಹತ್ತಿದರೆ ಹನ್ನೆರಡು ಹದಿಮೂರು ತಾಸು. ಒಬ್ಬಳ ಆಯಿ ಹೈದರಾಬಾದಿಗೆ ಬರೀ 'ಶಹರ' ಅಂತಾರೆ. ಬೆಂಗಳೂರಿಗೆ 'ಪರದೇಶ' ಅಂತಾರೆ. "ಮೊಮ್ಮಗಳು ಪರದೇಶದಾಗ ಕಲೀಲತಾಳ" ಅಂತ ಓಣಿಯವರಿಗೆಲ್ಲ ಹೇಳಿದ್ದಾರೆ. ಅವರ ಪ್ರಕಾರ ನಾವು ಈಗಲೇ ಫಾರಿನ್ ರಿಟರ್ನ್.

ಆಯಿ ಹೇಳೋದು ಪೂರ್ತಿ ತಪ್ಪೇನಲ್ಲ. ಅವರು ಹುಟ್ಟಿದಾಗ ಇಲ್ಲಿ ನಿಜಾಮರ ರಾಜ್ಯ, ರಾಜಧಾನಿ ಹೈದರಾಬಾದ್. 1948ರ ಸೆಪ್ಟೆಂಬರ್ 17ಕ್ಕೆ ಆ ರಾಜ್ಯ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆಯನ್ನು ಮೂರು ಕಡೆ ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ನಾವು ಮೈಸೂರಿಗೆ. ಒಂದೇ ದಿನದಲ್ಲಿ ರಾಜಧಾನಿ ಬೆಂಗಳೂರಾಯ್ತು. ಆದರೆ ದೊಡ್ಡ ದವಾಖಾನೆ, ಮದುವೆ ಸೀರೆ, ಬಳೆ, ಲಾರಿಯ ಸ್ಪೇರ್ ಪಾರ್ಟ್, ಎಲ್ಲಕ್ಕೂ ಜನ ಹೋಗೋದು ಇವತ್ತಿಗೂ ಅದೇ ಶಹರಕ್ಕೆ. ನಮ್ಮ ಭಾಗದ ಹೆಸರೇ 2019ರ ತನಕ ಹೈದರಾಬಾದ್ ಕರ್ನಾಟಕ. ಈಗ ಕಲ್ಯಾಣ ಕರ್ನಾಟಕ. ಅವತ್ತಿನಿಂದ ಬಸವಕಲ್ಯಾಣದವಳು ಇಡೀ ಏಳು ಜಿಲ್ಲೆಗೆ ತನ್ನ ಊರಿನ ಹೆಸರು ಇಟ್ಟಿದ್ದಾರೆ ಅಂತ ಜಂಬ ಹೊಡೀತಾಳೆ.

ಶುಕ್ರವಾರ ರಾತ್ರಿ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿದೆವು. ಇಂಜಿನಿಯರಿಂಗ್ ಓದೋರಲ್ವಾ.

ಮೊದಲ ಸಾಲು, ಭಾಷೆ. ಇದು ಬೆಂಗಳೂರಿಗೆ ಅಂತ ಕಣ್ಣು ಮುಚ್ಚಿ ಬರೆಯೋಕೆ ಹೋದೆವು, ಪೆನ್ ನಿಂತಿತು. ಬೆಂಗಳೂರಿಗೆ ಬಂದ ಹೊಸದರಲ್ಲಿ ಮೆಜೆಸ್ಟಿಕ್‌ನಲ್ಲಿ ಆಟೋದವರನ್ನು, "ಅಣ್ಣಾರ, ಅಲ್ಲೀತನ ಎಷ್ಟ್ ರೊಕ್ಕ ತಗೋತೀರಿ?" ಅಂತ ಕೇಳಿದೆವು. ಅವರು ಹಿಂದಿಯಲ್ಲಿ ಉತ್ತರ ಕೊಟ್ಟರು. ನಾವು ಮತ್ತೆ ಕನ್ನಡ, ಅವರು ಮತ್ತೆ ಹಿಂದಿ. ಕ್ಲಾಸಿನಲ್ಲಿ 'ಫೋನ್ ಹಚ್ಚಿದ್ದೆ' ಅಂದ್ರೆ ಬೆಂಕಿ ಹಚ್ಚಿದಿರಾ ಅಂತ ನಗ್ತಾರೆ. ಹುಮನಾಬಾದ್ ಅಂದ್ರೆ, "ಅದು ತೆಲಂಗಾಣ ಅಲ್ವಾ?" ಇದು ಕನಿಷ್ಠ ಇಪ್ಪತ್ತು ಸಲ ಆಗಿದೆ. ಬೇಜಾರಿಂದ ಹೇಳ್ತಿಲ್ಲ, ಈಗ ನಾವೂ 'ಕಾಲ್ ಮಾಡಿದ್ದೆ' ಅಂತೀವಿ. ಊರಿಗೆ ಹೋದಾಗ ಬಾಯಿ ತಪ್ಪಿ 'ಹೋಗೋಣ್ವಾ' ಅಂದ್ರೆ ಅಲ್ಲಿ ನಗ್ತಾರೆ.

ಹೈದರಾಬಾದಿನಲ್ಲಿ ಕನ್ನಡ ಮಾತಾಡೋರು ಸಿಗೋದು ಅಪರೂಪ. ಕಾಚಿಗುಡದಲ್ಲಿ ಹಳೆಯ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇವೆ, ಆದರೆ ಬೀದಿಯಲ್ಲಿ ಕನ್ನಡ ಇಲ್ಲ. ತೆಲುಗು ನಮಗೆ ಅಷ್ಟಕ್ಕಷ್ಟೆ. ಆದರೆ ನಮ್ಮ ಊರಿನ ಸಂತೆಯ ದಖ್ಖನಿ ಅಲ್ಲಿ ಸಾಕು. 'ಕೈಕು', 'ನಕ್ಕೋ', 'ಹೌ' ಮೂರು ಬಂದರೆ ಚಾರ್‌ಮಿನಾರ್ ಹತ್ತಿರ ಬಳೆ ಚೌಕಾಸಿ ಮಾಡಬಹುದು. ಕಿಧರ್ ಸೆ ಅಂತ ಕೇಳ್ತಾರೆ, ಹುಮನಾಬಾದ್ ಅಂದ್ರೆ, "ಅಚ್ಛಾ, ಬೀದರ್ ಸೈಡ್" ಅಂತಾರೆ, ಮುಗೀತು. ಎಲ್ಲಿದೆ ಅಂತ ನಕ್ಷೆ ಬಿಡಿಸಬೇಕಾಗಿಲ್ಲ. ಕೊನೆಗೆ ಭಾಷೆಯ ಸಾಲಿನಲ್ಲಿ ಎರಡೂ ಕಾಲಂಗೆ ಅರ್ಧ ಅರ್ಧ ಮಾರ್ಕ್ಸ್ ಹಾಕಿದೆವು.

ಎರಡನೇ ಸಾಲು, ಕಾಗದಪತ್ರ. ಇಲ್ಲಿ ಬೆಂಗಳೂರಿಗೆ ಪೂರ್ತಿ ಅಂಕ. ಇಬ್ಬರಿಗೂ ಈ ಕಾಲೇಜಿನ ಸೀಟು ಸಿಕ್ಕಿದ್ದೇ 371(ಜೆ) ಸರ್ಟಿಫಿಕೇಟಿನಿಂದ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಅದು. ನಮ್ಮ ಭಾಗದ ಹೊರಗಿನ ಕಾಲೇಜುಗಳಲ್ಲೂ ನಮಗೆ ಶೇಕಡಾ 8 ಸೀಟು. ಸಿಇಟಿ ಕೌನ್ಸೆಲಿಂಗ್ ದಿನ ಸಹಾಯಕ ಆಯುಕ್ತರ ಕಚೇರಿಯಿಂದ ತಂದ ಆ ಒಂದು ಹಾಳೆಯನ್ನು ಅಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಅಂಗಿಯ ಒಳಗಿಟ್ಟುಕೊಂಡು ಬಂದಿದ್ದರು. ಹೈದರಾಬಾದಿನಲ್ಲಿ ಆ ಹಾಳೆಗೆ ಬೆಲೆ ಇಲ್ಲ.

ಬಸ್ಸಿನಲ್ಲೂ ಇದು ಗೊತ್ತಾಗುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆ, ಆಧಾರ್ ತೋರಿಸಿದರೆ ಹುಮನಾಬಾದಿನಿಂದ ಕಲಬುರಗಿಗೆ ನಮಗೆ ಟಿಕೆಟ್ ದುಡ್ಡಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ತೆಲಂಗಾಣದವರು ಮಹಾಲಕ್ಷ್ಮಿ ಅಂತ ಶುರು ಮಾಡಿದರು, ಅದು ಅಲ್ಲಿನ ಹೆಂಗಸರಿಗೆ. ಒಂದು ಸಲ ಜಹೀರಾಬಾದಿನಲ್ಲಿ ಬಸ್ ಬದಲಾಯಿಸಿ ಹತ್ತಿದಾಗ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅವರದ್ದೂ ನಮ್ಮ ಹಾಗೆ ಜೋಳದ ರೊಟ್ಟಿಯ ಗಂಟು, ನಮ್ಮ ಹಾಗೆ ಇಳಕಲ್ ಸೀರೆ ಉಡೋ ಜನ, ನಮ್ಮ ಜೊತೆ ಚೆನ್ನಾಗಿ ಕನ್ನಡದಲ್ಲೇ ಮಾತಾಡಿದರು. ಅವರಿಗೆ ಸೊನ್ನೆ ಟಿಕೆಟ್, ನಮಗೆ ದುಡ್ಡಿನ ಟಿಕೆಟ್. "ನೀವು ಆ ಕಡೀಗಿ ಹೋಗಿದ್ರಿ, ನಾವು ಈ ಕಡೀಗಿ ಬಂದ್ವಿ" ಅಂತ ನಕ್ಕರು. 1956ನ್ನು ಇಷ್ಟು ಚಿಕ್ಕದಾಗಿ ಯಾವ ಪಠ್ಯಪುಸ್ತಕವೂ ನಮಗೆ ಹೇಳಿರಲಿಲ್ಲ.

ಮೂರನೇ ಸಾಲು, ದೂರ. ಹೈದರಾಬಾದಿಗೆ ಪೂರ್ತಿ ಅಂಕ ಅಂತ ಬಸವಕಲ್ಯಾಣದವಳು ಬರೆದಳು. ಅದೇ ತಪ್ಪು ಅಂತ ಹುಮನಾಬಾದಿನವಳು ಹೊಡೆದು ಹಾಕಿದಳು. ಜಗಳ ನಿಜವಾಗಿ ಶುರುವಾದದ್ದು ಇಲ್ಲಿ. ಎರಡೂ ಕಥೆ ಹೇಳ್ತೀವಿ, ನೀವೇ ನೋಡಿ.

ಬಸವಕಲ್ಯಾಣದವಳ ಅಪ್ಪ ಆಟೋ ನಗರದಲ್ಲಿ ಲಾರಿ ಬಾಡಿ ಕೆಲಸ ಮಾಡ್ತಾರೆ. ಹೆದ್ದಾರಿ ಇರೋದರಿಂದ ಅಲ್ಲಿ ಲಾರಿ ಕೆಲಸಕ್ಕೆ ಬರಗಾಲ ಇಲ್ಲ; ಬೆಳಗಿನಿಂದ ವೆಲ್ಡಿಂಗ್, ಗ್ರೈಂಡಿಂಗ್ ಸದ್ದು. ಹೋದ ಜನವರಿಯಲ್ಲಿ, ಒಂದು ಸಂಜೆ, ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಎಡಗಣ್ಣಿಗೆ ಹೋಯಿತು. ಊರಿನ ಡಾಕ್ಟರು ನೋಡಿ, ತಡ ಮಾಡಬ್ಯಾಡ್ರಿ, ಹೈದರಾಬಾದಿಗೆ ಒಯ್ಯಿರಿ ಅಂದರು. ಕಾರು ಬಾಡಿಗೆಗೆ ಹಿಡಿದು ರಾತ್ರಿ ಹನ್ನೊಂದಕ್ಕೆ ಹೊರಟು, ಮೂರಕ್ಕೆ ದವಾಖಾನೆ ಮುಟ್ಟಿದರಂತೆ. ಬೆಳಿಗ್ಗೆ ಆಪರೇಷನ್.

ಇದೆಲ್ಲ ನಮಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ. ಆ ವಾರ ಇಂಟರ್ನಲ್ಸ್ ಇತ್ತು. ಇವಳು ದಿನಾ ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡ್ತಾಳೆ. ಅವ್ವ ಎತ್ತಿ, "ಅಪ್ಪ ಮಲಗ್ಯಾರ", ಮರುದಿನ "ಅಪ್ಪ ಊಟಕ್ಕ ಕುಂತಾರ", ಮತ್ತೊಂದು ದಿನ "ಲಾರಿಯವರು ಬಂದಾರ, ಹೊರಗ ಹೋಗ್ಯಾರ". ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಬಾಗಿಲು ತೆಗೆದ ಅಪ್ಪ ಕಪ್ಪು ಕನ್ನಡಕ ಹಾಕಿದ್ದರು. ಸಿನಿಮಾ ಹೀರೋ ಆಗ್ಯಾರ ಅಂತ ಇವಳು ನಕ್ಕಳು. ಅವರೂ ನಕ್ಕರು. ಆಮೇಲೆ ಚಹಾದ ಕಪ್ ತಗೊಳ್ಳೋಕೆ ಕೈ ಚಾಚಿದಾಗ ಕೈ ಕಪ್ಪಿನ ಪಕ್ಕಕ್ಕೆ ಹೋಯಿತು.

"ನಂಗ್ಯಾಕ್ ಹೇಳ್ಲಿಲ್ಲ ಅವ್ವಾ?"

"ಹೇಳಿದ್ರ ಏನ್ ಮಾಡ್ತಿದ್ದಿ? ಅಲ್ಲಿ ಕುಂತು ಅಳ್ತಿದ್ದಿ. ನೀ ಬರೋದ್ರಾಗ ಎಲ್ಲಾ ಮುಗದಿರ್ತಿತ್ತು. ಪರೀಕ್ಷಾ ಬ್ಯಾರೆ."

ಕಣ್ಣು ಉಳಿದಿದೆ. ಎಡಗಣ್ಣಿಗೆ ಸ್ವಲ್ಪ ಮಂಜು ಅಷ್ಟೆ, ಕೆಲಸಕ್ಕೂ ಹೋಗ್ತಾರೆ. ಆದರೆ ಇವಳಿಗೆ ಆವತ್ತಿನಿಂದ ಒಂದೇ ಮಾತು. ದೂರದ ಊರಿನಲ್ಲಿದ್ದರೆ ಹೋಗೋಕೆ ತಡ ಆಗುತ್ತೆ ಅಂತ ಗೊತ್ತಿತ್ತು. ಹೇಳೋದನ್ನೇ ಬಿಡ್ತಾರೆ ಅಂತ ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿ ಇದ್ದಿದ್ದರೆ ಆ ರಾತ್ರಿ ಮೂರು ಗಂಟೆಗೆ ದವಾಖಾನೆ ಬಾಗಿಲಲ್ಲಿ ಇವಳೇ ನಿಂತಿರ್ತಿದ್ದಳು. ತಪಾಸಣೆಗೆ ಈಗಲೂ ಅಪ್ಪ ಎರಡು ತಿಂಗಳಿಗೊಮ್ಮೆ ಅಲ್ಲಿಗೇ ಹೋಗಬೇಕು.

ಈಗ ಹುಮನಾಬಾದಿನವಳ ಕಥೆ. ಇವಳ ಕಾಕಾನ ಮನೆ ಹೈದರಾಬಾದಿನಲ್ಲಿ, ಲಿಂಗಂಪಲ್ಲಿ ಕಡೆ. ಪಿಯುಸಿ ಪರೀಕ್ಷೆ ಆದ ಮೇಲೆ ಅಲ್ಲಿದ್ದುಕೊಂಡು ಅಮೀರ್‌ಪೇಟೆಯಲ್ಲಿ ಒಂದೂವರೆ ತಿಂಗಳು ಕೋಚಿಂಗ್‌ಗೆ ಹೋಗಿದ್ದಳು. ಒಂದು ಸಂಜೆ ಕ್ಲಾಸಿನ ಇಬ್ಬರು ಹುಡುಗಿಯರ ಜೊತೆ ಟ್ಯಾಂಕ್ ಬಂಡ್ ನೋಡೋಕೆ ಹೋದಳು. ಹುಸೇನ್ ಸಾಗರದ ಗಾಳಿ, ಒಂದೊಂದು ಭುಟ್ಟಾ, ಅರ್ಧ ತಾಸು. ಬಸ್ ಸ್ಟಾಪಿನಲ್ಲಿ ನಮ್ಮೂರಿನ ಪರಿಚಯದವರು ಯಾರೋ ನೋಡಿದರು. ಇವಳು ಲಿಂಗಂಪಲ್ಲಿಯಲ್ಲಿ ಇಳಿಯೋ ಮೊದಲೇ ಸುದ್ದಿ 150 ಕಿಲೋಮೀಟರ್ ದಾಟಿ ಹುಮನಾಬಾದ್ ಮುಟ್ಟಿ, ಅಲ್ಲಿಂದ ವಾಪಸ್ ಕಾಕಾನ ಮನೆಗೆ ಬಂದಿತ್ತು. ಅವ್ವನ ಫೋನು: "ಟ್ಯಾಂಕ್ ಬಂಡ್ ಮ್ಯಾಗ ನಿಂದೇನ್ ಕೆಲಸಿತ್ತು?"

ಯಾರೂ ಬೈಯಲಿಲ್ಲ. ಕಾಕಾ ಕೆಟ್ಟವರಲ್ಲ, ಇವಳೆಂದರೆ ಜೀವ. ಮರುದಿನದಿಂದ ತಮ್ಮ ಕೆಲಸ ಬಿಟ್ಟು ಅವರೇ ಸ್ಕೂಟಿ ತಂದು ಕ್ಲಾಸಿನ ಎದುರಿಗೆ ನಿಲ್ಲೋಕೆ ಶುರು ಮಾಡಿದರು. "ಯಾಕ್ ಬೇಟಾ, ಬಸ್ಸಿನಾಗ ತ್ರಾಸ ಆಗ್ತದಲ್ಲ." ಉಳಿದ ಒಂದು ತಿಂಗಳು ದಿನಾ ಹಾಗೆ. ಪ್ರೀತಿಯಿಂದ ಮಾಡಿದ್ದಕ್ಕೆ ಬೇಡ ಅನ್ನೋದು ಹೇಗೆ?

ಬೆಂಗಳೂರಿಗೆ ಬಂದು ಎರಡು ತಿಂಗಳಾದ ಮೇಲೆ ಒಂದು ಸಂಜೆ ಮೆಟ್ರೋ ಇಳಿದು ಒಬ್ಬಳೇ ಹಾಸ್ಟೆಲ್ ತನಕ ನಡೆದು ಬಂದಳು. ಏಳೂವರೆ ಗಂಟೆ, ಸಣ್ಣ ಮಳೆ. ದಾರಿಯಲ್ಲಿ ನಿಂತು ಕಡ್ಲೆಕಾಯಿ ತಗೊಂಡಳು. ಯಾರಿಗೂ ಇವಳು ಯಾರ ಮಗಳು ಅಂತ ಗೊತ್ತಿಲ್ಲ. ರೂಮಿಗೆ ಬಂದು, "ಇವತ್ತು ಏನೂ ಆಗ್ಲಿಲ್ಲ" ಅಂತ ಖುಷಿಯಿಂದ ಹೇಳಿದ್ದು ನೆನಪಿದೆ. ಏನೂ ಆಗದೆ ಇರೋದೂ ಖುಷಿಯ ವಿಷಯ ಅಂತ ಹುಡುಗರಿಗೆ ಅರ್ಥ ಆಗುತ್ತೋ ಇಲ್ಲವೋ.

ಅಂದ್ರೆ ಒಬ್ಬಳಿಗೆ ದೂರ ಅಂದರೆ ಮನೆಯ ಸುದ್ದಿ ತನಗೆ ಬರದೆ ಇರೋದು. ಇನ್ನೊಬ್ಬಳಿಗೆ ಹತ್ತಿರ ಅಂದರೆ ತನ್ನ ಸುದ್ದಿಯೆಲ್ಲ ಮನೆಗೆ ಹೋಗೋದು. ಇದಕ್ಕೆ ಎಷ್ಟು ಅಂಕ ಅಂತ ಯಾವ ಕಾಲಂನಲ್ಲಿ ಬರೆಯೋದು? ನೋಟ್‌ಬುಕ್ ಮುಚ್ಚಿಟ್ಟೆವು. ಶನಿವಾರ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. "ನಿಂಗ ಮನಿ ಬ್ಯಾಡಾಗ್ಯಾದ" ಅಂತ ಒಬ್ಬಳು, "ನೀ ಹೆದರಿ ವಾಪಸ್ ಹೊಂಟೀದಿ" ಅಂತ ಇನ್ನೊಬ್ಬಳು. ಎರಡೂ ಮಾತು ಆಡಬಾರದಿತ್ತು.

ಭಾನುವಾರ ಸಮಾಧಾನ ಆಗಿದ್ದು ವಿಚಿತ್ರವಾಗಿ. ಕನ್ನಡ ಸಂಘದ ಕ್ವಿಜ್‌ಗೆ ಅಂತ ಬಸವಕಲ್ಯಾಣದ ಬಗ್ಗೆ ಪ್ರಶ್ನೆ ಬರೆದುಕೊಡೋ ಕೆಲಸ ನಮಗೆ ಬಂದಿತ್ತು. ಬರೀತಾ ಕೂತಾಗ ಒಂದು ವಿಷಯ ಹೊಳೀತು. 11, 12ನೇ ಶತಮಾನದಲ್ಲಿ ಕೆಲಸ ಹುಡುಕಿಕೊಂಡು ಜನ ಬರ್ತಿದ್ದ ದೊಡ್ಡ ಊರು ನಮ್ಮದೇ! ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಿಲ್ಹಣ ಕವಿ ಕಾಶ್ಮೀರದಿಂದ ಬಂದ. ಆಮೇಲೆ ಬಸವಣ್ಣನವರು ಬಂದದ್ದೂ ಹೊರಗಿನಿಂದಲೇ. ಅಲ್ಲಮ ಬಳ್ಳಿಗಾವಿಯ ಕಡೆಯವರು. ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದರು ಅಂತ ಹೇಳ್ತಾರೆ. ಅಕ್ಕಮಹಾದೇವಿ ಶಿವಮೊಗ್ಗದ ಕಡೆಯ ಉಡುತಡಿಯಿಂದ ಒಬ್ಬಳೇ ನಡೆದು ಬಂದಳು. ನಾವು ಬಸ್ಸಿನಲ್ಲಿ ತೆಂಕಣಕ್ಕೆ ಬಂದರೆ ಅವಳು ಕಾಲ್ನಡಿಗೆಯಲ್ಲಿ ಬಡಗಣಕ್ಕೆ. ಕಲ್ಯಾಣಕ್ಕೆ ಬಂದ ಮೇಲೆ ಅವಳನ್ನೂ ಯಾರು, ಎಲ್ಲಿಯವಳು ಅಂತ ಕೇಳಿದರು. ಉತ್ತರ ಕೊಟ್ಟಳು, ಇದ್ದಳು, ಆಮೇಲೆ ಶ್ರೀಶೈಲಕ್ಕೆ ಹೊರಟುಹೋದಳು. ಕಲ್ಯಾಣವೂ ಅವಳಿಗೆ ಕೊನೆಯ ಊರಾಗಲಿಲ್ಲ.

ಅಲ್ಲಿಗೆ ನಮಗೆ ಸ್ವಲ್ಪ ಹಗುರ ಅನ್ನಿಸಿತು. ಒಂದೇ ಊರಿನಿಂದ ಬಂದವರು ಒಂದೇ ಊರನ್ನು ಆರಿಸಬೇಕು ಅಂತ ಎಲ್ಲೂ ಇಲ್ಲ. ಸರಿಯಾದ ಊರು ಯಾವುದು ಅಂತ ಮೂರು ದಿನ ಹುಡುಕಿದೆವು. ಕೇಳಿಕೊಳ್ಳಬೇಕಾಗಿದ್ದು, ನನಗೆ ಈಗ ಯಾವುದು ಇಲ್ಲದೆ ಆಗೋದಿಲ್ಲ ಅಂತ. ಅದು ಇಬ್ಬರಿಗೂ ಬೇರೆ ಬೇರೆ.

ರಾತ್ರಿ 11:46ಕ್ಕೆ ಫಾರ್ಮ್ ಕಳಿಸಿದೆವು. ಬಸವಕಲ್ಯಾಣದವಳು: ಒಂದು, ಹೈದರಾಬಾದ್, ಎರಡು, ಬೆಂಗಳೂರು. ಹುಮನಾಬಾದಿನವಳು: ಒಂದು, ಬೆಂಗಳೂರು, ಎರಡು, ಹೈದರಾಬಾದ್.

ಮರುದಿನ ಮನೆಗೆ ಹೇಳಿದೆವು. ಬಸವಕಲ್ಯಾಣದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕಣ್ಣಿನ ಸಲುವಾಗಿ ಹಾಕಿದ್ರ ಬ್ಯಾಡವ್ವಾ. ಕೆಲಸ ಚಂದ ಇದ್ರ ಹಾಕು" ಅಂದರು. "ಎರಡರ ಸಲುವಾಗೂ ಹಾಕೀನಿ" ಅಂದಳು. ಆಮೇಲೆ ಅವ್ವನ ಕೈಗೆ ಫೋನ್ ಕೊಡಿಸಿ ಆಣೆ ಮಾಡಿಸಿಕೊಂಡಳು: ಎಲ್ಲಿದ್ದರೂ, ಪರೀಕ್ಷೆ ಇದ್ದರೂ, ಏನಾದರೂ ಆದರೆ ಅದೇ ರಾತ್ರಿ ಹೇಳಬೇಕು.

ಹುಮನಾಬಾದಿನ ಅವ್ವ ಮೊದಲು ಕೇಳಿದ್ದು, "ಕಾಕಾನ ಮನಿ ಇತ್ತಲ್ಲ?" ಇವಳು ಎರಡು ವರ್ಷದಿಂದ ಹೇಳದೆ ಇದ್ದದ್ದನ್ನು ಹೇಳಿದಳು, ಟ್ಯಾಂಕ್ ಬಂಡ್, ಸ್ಕೂಟಿ, ಎಲ್ಲ. ಇನ್ನು ಎಲ್ಲಿ ಹೋಗ್ತೀನಿ ಬರ್ತೀನಿ ಅಂತ ಯಾರೋ ಹೇಳೋ ಮೊದಲು ನಾನೇ ಹೇಳ್ತೀನಿ ಅಂತಲೂ ಹೇಳಿದಳು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಹಿಂದೆ ಕುಕ್ಕರ್ ಸೀಟಿ ಕೇಳಿಸ್ತಿತ್ತು. ಕೊನೆಗೆ, "ಅಂದ್ರ ಇನ್ನೂ ಎರಡು ಮೂರು ವರ್ಷ ಕಡಕ್ ರೊಟ್ಟಿ ಪಾರ್ಸಲ್ ಮಾಡೋದು ತಪ್ಪಂಗಿಲ್ಲ ಅನ್ನು" ಅಂದರು. ಅದು ಒಪ್ಪಿಗೆಯೋ ಬೇಜಾರೋ ಇನ್ನೂ ಗೊತ್ತಾಗಿಲ್ಲ. ಆದರೆ ಗುರುವಾರ ಬಸ್ಸಿನಲ್ಲಿ ಡಬ್ಬಿ ಬಂತು. ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಒಂದು ಚೀಟಿ: ಇಬ್ಬರೂ ತಿನ್ನಿರಿ.

ಲಿಸ್ಟ್ ಇನ್ನೂ ಬಂದಿಲ್ಲ. ಯಾರಿಗೆ ಯಾವ ಊರು ಸಿಗುತ್ತೋ, ಇಬ್ಬರಿಗೂ ಚೆನ್ನೈ ಕೊಟ್ಟರೂ ಕೊಟ್ಟರೇ. ಅಲ್ಲಿಯ ತನಕ ಡಬ್ಬಿಯಲ್ಲಿ ರೊಟ್ಟಿ ಇದೆ. ಈ ಬರಹ ಓದಿದವರು ನಮ್ಮ ರೂಮಿಗೆ ಬಂದರೆ ಒಂದೊಂದು ಕೊಡ್ತೀವಿ. ಒಂದೇ ಷರತ್ತು, ಹುಮನಾಬಾದ್ ತೆಲಂಗಾಣದಲ್ಲಿದೆಯಾ ಅಂತ ಮಾತ್ರ ಕೇಳಬೇಡ್ರಿ.